ಗುರುತು: ಇಲ್ಲ

ಅಮ್ಮಾ,

ಇವತ್ತು ಕೂಸಿನ ಗುರುತಿನ ಚೀಟಿಗೆ ಅರ್ಜಿ ಕೊಟ್ಟೆ. ಫೋಟೋ ಕೆಳಗೆ ಮೈಮೇಲಿನ ಗುರುತನ್ನೂ ಅಚ್ಚು ಹಾಕುತ್ತಾರೆ. ನಿದ್ದೆಗೆಟ್ಟ ಕಣ್ಣಲ್ಲೇ ಅವಳ ಮೈಯೆಲ್ಲ ಹುಡುಕಿದೆ.

“ಒಂದು ಮಚ್ಚೆನೂ ಇಲ್ವೇನಮ್ಮಾ?” ಎಂದರು ಗುಮಾಸ್ತರು.

“ಇಲ್ಲ ಸಾರ್. ಏನಾದ್ರೂ ತೊಂದ್ರೆನಾ?”

“ಅದಕ್ಯಾಕೆ ಗಾಬರಿ? ‘ಇಲ್ಲ’ ಅಂತ ಬರೀರಿ. ನಿಮ್ಮ ಚೀಟಿಲೂ ಹಾಗೇ ಇದೆಯಲ್ಲ!”

ಹೌದು, ಹಾಗೇ ಇತ್ತು. ನೀನು ಬಿಟ್ಟುಹೋದ ಚೀಟಿಯಲ್ಲಿ ಮಾತ್ರ ‘ಬಲಗೈ ಮೇಲೆ ಸುಟ್ಟ ಕಲೆ’ ಎಂದಿದೆ. ಅಂಬೆಗಾಲಿಡುತ್ತಿದ್ದ ನಾನು ಕುದಿಯುವ ಹಾಲು ಎಳೆದುಕೊಂಡಾಗ ನೀನು ಕೈ ಅಡ್ಡ ಹಿಡಿದಿದ್ದೆ. ಅದು ಗೊತ್ತಿದ್ದೂ, ಕಾಲೇಜಿನ ಗೆಳತಿಯರು ಬಂದಾಗ ನಾನು “ಉದ್ದ ತೋಳಿನ ರವಿಕೆ ಹಾಕ್ಕೋ” ಅಂದಿದ್ದೆ. ನೀನು ನಗುತ್ತಲೇ ಹಾಕಿಕೊಂಡೆ.

ನನ್ನ ಚೀಟಿಯ ‘ಇಲ್ಲ’ ನೀನು ಕೊಟ್ಟದ್ದು, ಅಮ್ಮಾ. ಅವಳದನ್ನು ಕಾಯುವ ಕೆಲಸ ಇನ್ನು ನನ್ನದು.