ಪುಲ್ಲಿಯ ಮೇಲಿನ ಗೆರೆ

೯ ಫೆಬ್ರವರಿ, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ತಲೆಯಲ್ಲಿ ಏನೋ ಹೊಳೆದು, ಎದ್ದು ಹೋಗಿ ಕಾರಿನ ಬಾನೆಟ್ ಎತ್ತುತ್ತಿದ್ದೆ. ಆ ಹಾಳೆಗಳೆಲ್ಲ ಗ್ರೀಸ್ ಒರೆಸಲು ಹೋದವು. ಇವತ್ತು ಕೈ ತೊಳೆದುಕೊಂಡೇ ಕೂತಿದ್ದೇನೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಇಲ್ಲ, ಕಾರನ್ನು ಇನ್ನೂ ಗುಜರಿಗೆ ಹಾಕಿಲ್ಲ. ಅದು ಶೆಡ್ಡಿನಲ್ಲಿರುವ ತನಕ ಮನೆಗೆ ಕಾಲಿಡಲಾರೆ ಎಂದು ಬರೆದಿದ್ದೀಯ. ನಿನ್ನ ಸಂಕಟ ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಎದೆನೋವು ಎಂದ ನಿಮ್ಮಪ್ಪನನ್ನು ಹಿಂದಿನ ಸೀಟಿನಲ್ಲಿ ನಿನ್ನ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಾಗ ನಡುದಾರಿಯಲ್ಲಿ ಕೈಕೊಟ್ಟ ಗಾಡಿ ಅದು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗಿಂತ ಮೊದಲು ಮನೆಗೆ ಬಂದದ್ದು ಎಂದು ಅಪ್ಪ ಅದನ್ನು ನಿನ್ನ ಅಕ್ಕ ಎನ್ನುತ್ತಿದ್ದರು. ಅಂಥದ್ದನ್ನು ನೀನು ಕಣ್ಣೆತ್ತಿ ನೋಡುವುದಿಲ್ಲ ಎಂದರೆ ನನಗೂ ಕರುಳು ಚುರ್ರೆನ್ನುತ್ತದೆ. ಆದರೆ ಯಾಕೆ ನಿಂತಿತು ಎಂದು ತಿಳಿಯದೆ ಅದನ್ನು ಕಳಿಸಿಬಿಡಲು ನನ್ನಿಂದ ಆಗಲಿಲ್ಲ. ಹಿಂದಿನ ದಿನವಷ್ಟೇ ಅದರ ಟೈಮಿಂಗ್ ಇಟ್ಟವಳು ನಾನು.

ಚಿಕ್ಕಮ್ಮ ಬಂದು ಇಲ್ಲೇ ಉಳಿದಿದ್ದಾಳೆ. ನನ್ನನ್ನು ನೋಡಿಕೊಳ್ಳಲು ಬಂದವಳು, ದಿನವಿಡೀ ಸ್ವೆಟರ್ ಹೆಣೆಯುತ್ತಾ ನನ್ನನ್ನು ಗದರುತ್ತಾಳೆ. ಅನ್ನ ಬಡಿಸಿದರೆ ಎರಡು ತುತ್ತಿಗೆ ಎದ್ದು ಹೋಗುತ್ತೇನಂತೆ, ಮಾತಾಡಿಸಿದರೆ ಸ್ಪ್ಯಾನರ್ ಕಡೆ ನೋಡುತ್ತೇನಂತೆ. ಸುಳ್ಳೇನಲ್ಲ. ಗಿರಾಕಿಗಳ ಗಾಡಿಗಳು ಸಾಲಾಗಿ ನಿಂತಿವೆ, ಅವುಗಳಿಗೆ ಕೈ ಹಾಕಿದರೂ ಮನಸ್ಸು ಮೂಲೆಯ ಆ ಕಾರಿನ ಹತ್ತಿರವೇ ಸುಳಿಯುತ್ತದೆ. ಗುಜರಿಯವನಂತೂ ವಾರಕ್ಕೊಮ್ಮೆ ಬಂದು, ಹೆಣ್ಣು ನೋಡಲು ಬಂದವರ ಹಾಗೆ ಕಾರಿನ ಸುತ್ತ ಓಡಾಡಿ, ಟೀ ಕುಡಿದು, ಬರಿಗೈಯಲ್ಲಿ ಹೋಗುತ್ತಾನೆ.

ಟೈಮಿಂಗ್ ಎಂದರೇನೆಂದು ನಿನಗೆ ಹೇಳಿಕೊಡಬೇಕಿಲ್ಲ, ಅಕ್ಷರಕ್ಕಿಂತ ಮೊದಲು ಅದನ್ನೇ ಕಲಿತವಳು ನೀನು. ಪಿಸ್ಟನ್ ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಕಿಡಿ ಹಾರಬೇಕು. ಮುಂಚೆ ಹಾರಿದರೆ ಇಂಜಿನ್ ಒದೆಯುತ್ತದೆ, ತಡವಾದರೆ ಕಾದು ಏದುಸಿರು ಬಿಡುತ್ತದೆ. ಇಂಜಿನ್ನಿನ ಜೊತೆ ತಿರುಗುವ ಪುಲ್ಲಿ ಚಕ್ರದ ಮೇಲಿನ ಗೆರೆಯನ್ನು ಪಕ್ಕದ ಸೊನ್ನೆ ಗುರುತಿಗೆ ಹೋಲಿಸಿ ನೋಡಿ ನಾವು ಅದನ್ನು ಇಡುತ್ತೇವೆ. ಈ ಗಾಡಿಯ ಕಥೆ ಏನೆಂದರೆ, ಚೂರು ಮುಗ್ಗರಿಸಿತಲ್ಲ ಎಂದು ನೋಡಿದರೆ ಗೆರೆ ಸರಿದಿರುತ್ತಿತ್ತು. ಸರಿ ಎಂದು ಮತ್ತೆ ಗೆರೆಗೆ ತಂದು ಕೂರಿಸಿದರೆ, ಮುಗ್ಗರಿಸುವುದು ಇನ್ನೂ ಹೆಚ್ಚು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬದಲಾಯಿಸಿದೆ, ಟೈಮಿಂಗ್ ಚೈನ್ ಹೊಸದು ಹಾಕಿದೆ. ಬಿಡಿಭಾಗದ ಅಂಗಡಿಯವನು ನನ್ನ ಮುಖ ಕಂಡರೆ ಷಟರ್ ಎಳೆಯುವ ಹಂತಕ್ಕೆ ಬಂದಿದ್ದ. ಏನು ಮಾಡಿದರೂ ಅದೇ ಕೆಮ್ಮು, ಅದೇ ಉಬ್ಬಸ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಮೊನ್ನೆ ಊಟದ ನಡುವೆ ಎದ್ದು ಹೋದೆ. ಹೋಗುವಾಗ ಚಿಕ್ಕಮ್ಮನ ಸ್ವೆಟರಿನಿಂದ ಒಂದು ಕಡ್ಡಿ ಎಳೆದುಕೊಂಡೆ, ಅವಳು ಲಬೋ ಲಬೋ ಎಂದಳು. ಮೊದಲನೇ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಕಡ್ಡಿಯನ್ನು ಪಿಸ್ಟನ್ನಿಗೆ ತಾಗುವ ಹಾಗೆ ಇಳಿಬಿಟ್ಟು, ಇಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದೆ. ಕಡ್ಡಿ ಏರುತ್ತಾ ಏರುತ್ತಾ ನಿಂತಿತು. ಅಂದರೆ ಪಿಸ್ಟನ್ ತುದಿಯಲ್ಲಿದೆ, ಆಗ ಗೆರೆ ಸೊನ್ನೆಯ ಎದುರು ಇರಬೇಕು. ಇರಲಿಲ್ಲ. ಎರಡು ಬೆರಳಿನಷ್ಟು ಆಚೆ ಇತ್ತು.

ಆ ಪುಲ್ಲಿ ಒಂದೇ ತುಂಡಲ್ಲ. ಒಳಗೆ ಇಂಜಿನ್ನಿಗೆ ಕಚ್ಚಿಕೊಂಡ ಗುಂಬ, ಹೊರಗೆ ಗೆರೆ ಇರುವ ಬಳೆ, ನಡುವೆ ರಬ್ಬರು. ರಬ್ಬರು ಮುದಿಯಾಗಿ ಹಿಡಿತ ಬಿಟ್ಟಿದೆ, ಬಳೆ ತನ್ನಷ್ಟಕ್ಕೆ ಜಾರಿದೆ, ಅದರ ಜೊತೆಗೆ ಗೆರೆಯೂ ಜಾರಿದೆ. ಇಂಜಿನ್ ನೆಟ್ಟಗೇ ಇತ್ತು. ಸುಳ್ಳು ಗೆರೆಯನ್ನು ನಂಬಿ ನಾನು ಪ್ರತಿ ಸಲ ಸರಿ ಮಾಡಿದಾಗಲೂ ಕೆಡಿಸುತ್ತಿದ್ದೆ. ಆ ದಿನ ರಸ್ತೆಯಲ್ಲೂ ಬಾನೆಟ್ ಎತ್ತಿ ಮೊದಲು ನೋಡಿದ್ದು ಅದೇ ಗೆರೆಯನ್ನು, ಟೈಮಿಂಗ್ ಮತ್ತೆ ಕೂರಿಸಿದ್ದೂ ಅದಕ್ಕೇ.

ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟೆ. ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ಚಿಕ್ಕಮ್ಮ ಓಡಿ ಬಂದಳು, ವಿಷಯ ಕೇಳಿದಳು, ಪುಲ್ಲಿಯನ್ನು ಸೆರಗಿನ ತುದಿಯಲ್ಲಿ ಮುಟ್ಟಿ ನೋಡಿದಳು.

"ಅಂದ್ರೆ ನಿನ್ನ ಕೈತಪ್ಪಲ್ಲ ಅಂತಾಯ್ತಲ್ಲಕ್ಕ. ಇನ್ನಾದ್ರೂ ಕೂತು ಊಟ ಮಾಡು," ಎಂದಳು.

ಊಟವೇನೋ ಮಾಡಿದೆ. ಕೂರಲು ಮಾತ್ರ ಆಗಲಿಲ್ಲ. ಪೂರಾ ವಿಷಯ ನಿನಗೆ ಬರೆಯದೆ ಈ ಚಡಪಡಿಕೆ ಹೋಗುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಗುಜರಿಯವನಿಗೆ ಹೇಳಿ ಕಳಿಸಿದ್ದೇನೆ, ನಾಳೆ ಬಂದು ಒಯ್ಯುತ್ತಾನೆ. ನಿನ್ನ ಅಕ್ಕನನ್ನು ಕಳಿಸಿಕೊಡುವಾಗ ಕಣ್ಣಲ್ಲಿ ನೀರು ಬಂದರೆ ಚಿಕ್ಕಮ್ಮನ ಬಾಯಿಗೆ ಸಿಕ್ಕಿಬೀಳುತ್ತೇನೆ, ಅದೊಂದು ಭಯ.

ಪ್ರೆಸ್ಸಿನ ಕೆಲಸದಲ್ಲಿ ಕಣ್ಣಿಗೆ ವಿರಾಮ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು, ನನ್ನನ್ನು ನೋಡಿ ಕಲಿಯಬೇಡ. ತಂಪಾಗಿ ಬಾಳು, ನಿನ್ನ ದಾರಿ ಸುಗಮವಾಗಿರಲಿ.

ಇಂತಿ ನಿನ್ನ
ಅಮ್ಮ

ತಾ. ಕ.: ನನ್ನ ಮೇಲಿನ ಅಪವಾದ ಕಳೆದುಕೊಳ್ಳಲು ಇಷ್ಟೆಲ್ಲ ಒದ್ದಾಡಿದೆ ಎಂದು ಚಿಕ್ಕಮ್ಮ ತಿಳಿದಿದ್ದಾಳೆ. ಅವಳು ಹಾಗೇ ತಿಳಿದಿರಲಿ. ಆ ದಿನ ಹಾಲಿನ ವ್ಯಾನಿನವನು ಪಕ್ಕದಲ್ಲಿ ನಿಲ್ಲಿಸಿ, ಆಸ್ಪತ್ರೆಗೆ ಬಿಡಲಾ ಎಂದು ಕೇಳಿದನಲ್ಲ, ಆಗ ನೀನು ಕಿಟಕಿಯಿಂದ ಹೇಳಿದ್ದು ಬಾನೆಟ್ಟಿನ ಹಿಂದಿದ್ದ ನನಗೆ ಕೇಳಿಸಿತ್ತು. "ಬೇಡಣ್ಣ, ನಮ್ಮಮ್ಮ ಮೆಕ್ಯಾನಿಕ್. ಎರಡೇ ನಿಮಿಷ." ಅವನು ಹೊರಟುಹೋದ. ನೀನು ಅದನ್ನು ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಮನೆಗೆ ಬಾರದೆ ಇರುವುದು ಕಾರಿಗೆ ಹೆದರಿ ಅಲ್ಲ ಎಂದು ನಿನ್ನ ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಆ ಮಾತು ಕೇಳಿ ಅಂಥ ಹೊತ್ತಿನಲ್ಲೂ ನಾನು ಹಿಗ್ಗಿದ್ದೆ, ಮಗಳೇ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಬರೀ ಬಾಯಿಮಾತಿನ ಸಮಾಧಾನವನ್ನು ನೀನು ನಂಬುವವಳಲ್ಲ, ಅದಕ್ಕೇ ಹುಡುಕಿದೆ. ಗೆರೆ ಜಾಗದಲ್ಲಿ ಇದ್ದಿದ್ದರೆ ಎರಡು ನಿಮಿಷ ನನಗೆ ಸಾಕಾಗುತ್ತಿತ್ತು. ನೀನು ಹೇಳಿದ್ದು ನಿಜ. ಮನೆಗೆ ಬಾ.