ನನ್ನ ಉಗ್ಗು, ನಿನ್ನ ವೇದಿಕೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಮಾತಿನಮಲ್ಲಿ,

ನಾನಿಲ್ಲಿ ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದನ್ನು ಊರೆಲ್ಲ ಹೇಳುತ್ತಿದೆ. ಫೋನಿನಲ್ಲಾದರೆ ನನ್ನ ಮಾತನ್ನು ನಾನು ಮುಗಿಸುವ ಮೊದಲೇ ನೀನು ಮುಗಿಸಿಬಿಡುತ್ತೀಯಲ್ಲ, ಅದಕ್ಕೇ ಈ ಕಾಗದ. ಇಲ್ಲಿ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ದುಡ್ಡು ಕೊಟ್ಟು ಭಾಷಣಕ್ಕೆ ಕರೆಯುತ್ತಿದ್ದಾರೆ, ಕನ್ನಡಿ ಮುಂದೆ ತಯಾರಿ ನಡೆಸಿದ್ದೇನೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒಂದು ಗುಟುಕು ನೀರು ಕುಡಿಯಬೇಕು ಎಂಬುದನ್ನೂ ಅಭ್ಯಾಸ ಮಾಡುತ್ತಿದ್ದೇನೆ ಎಂದು ನೀನು ಹೇಳಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಅದೇ ವಾರ ನಿನಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿತು. ದಿನಾ ಫೋನು. ಗೆಳತಿಯ ಮಗಳಿಗೆ ನನ್ನ ಹಾಗೆಯೇ ಉಗ್ಗಂತೆ, ನನ್ನ ಅನುಭವ ಕೇಳಿಕೊಂಡು ಅವಳಿಗೆ ಸಹಾಯ ಮಾಡುತ್ತೀಯಂತೆ. ಪಾಪ ಅನ್ನಿಸಿ ಹೇಳಿದೆ. ಯಾವ ಅಕ್ಷರಕ್ಕೆ ಉಸಿರು ಕಟ್ಟುತ್ತದೆ, ಹಾಜರಿ ಕೂಗುವಾಗ ನನ್ನ ಸರದಿ ಬರುವ ಮೊದಲೇ ಅಂಗೈ ಹೇಗೆ ಬೆವರುತ್ತಿತ್ತು, ಎಲ್ಲವನ್ನೂ. ಆಮೇಲೆ ನೀನು, ಕ್ಲಾಸೆಲ್ಲ ನಕ್ಕಾಗ ಅಲ್ಲೇ ಅಳುತ್ತಿದ್ದೆಯಾ, ಹೊರಗೆ ಹೋಗಿ ಅಳುತ್ತಿದ್ದೆಯಾ ಎಂದು ಕೇಳಿದೆ. ಯಾರದೋ ಮಗುವಿನ ನಾಲಿಗೆ ಹೊರಳಲು ನನ್ನ ಕಣ್ಣೀರು ಬಿದ್ದ ಜಾಗ ಯಾಕೆ ಬೇಕು? ಅತಿ ವಿನಯಂ ಧೂರ್ತ ಲಕ್ಷಣಂ ಅನ್ನುವುದು ನನಗೆ ಆಗಲೇ ನೆನಪಾಯಿತು.

ಅದಕ್ಕೇ ಒಂದು ಸುಳ್ಳು ಹೇಳಿದೆ. ಸೋದರತ್ತೆಯ ಮನೆಯಲ್ಲಿದ್ದು ಓದುವಾಗ, ಪಕ್ಕದ ಮನೆಯ ಕಿವುಡಜ್ಜಿಯ ಎದುರು ಕೂತು ದಿನಾ ಗಟ್ಟಿಯಾಗಿ ಪಾಠ ಓದುತ್ತಿದ್ದೆ, ಅವಳಿಗೆ ಕೇಳಿಸದ ಕಾರಣ ನನ್ನ ನಾಚಿಕೆ ಬಿಟ್ಟುಹೋಯಿತು ಎಂದೆ. ಅಜ್ಜಿಗೆ ಎಷ್ಟು ವಯಸ್ಸು ಎಂದು ನೀನು ಕೇಳಿದೆ. ಬರೆದುಕೊಳ್ಳುತ್ತಿದ್ದೆಯೋ ಏನೋ. ನೀನು ಅಲ್ಲಿಗೆ ಒಮ್ಮೆಯೂ ಬಂದವಳಲ್ಲ. ಅತ್ತೆಯ ಮನೆಯ ಪಕ್ಕದಲ್ಲಿ ಬೇರೆ ಮನೆಯೇ ಇರಲಿಲ್ಲ, ಇದ್ದದ್ದು ಟೈರಿನ ಗೋದಾಮು.

ಮೊನ್ನೆ ನಮ್ಮ ಔಷಧಿ ಅಂಗಡಿಯ ಯಜಮಾನಿ ನಿನ್ನ ಭಾಷಣ ಕೇಳಿಕೊಂಡು ಬಂದರು. ಕಣ್ಣು ಇನ್ನೂ ಕೆಂಪಗಿತ್ತು. ಕಿವುಡಜ್ಜಿ ಸಾಯುವಾಗ ನಿನ್ನ ಕೈ ಹಿಡಿದುಕೊಂಡಿದ್ದಳಂತೆ. ಅವಳನ್ನು ಸಾಯಿಸಿದ್ದು ನೀನೇ, ನಾನು ಆರೋಗ್ಯವಾಗಿಯೇ ಕೊಟ್ಟಿದ್ದೆ. ಕಪಾಟಿಗೆ ಮಾತ್ರೆ ಜೋಡಿಸುತ್ತಿದ್ದ ನನ್ನ ಭುಜ ತಟ್ಟಿ ಯಜಮಾನಿ ಹೇಳಿದರು: "ನಿಮ್ಮ ತಂಗಿ ಅಷ್ಟೊಂದು ಉಗ್ಗುತ್ತಾ ಇದ್ದವರು ಹೇಗೆ ಗೆದ್ದಿದ್ದಾರೆ ನೋಡಿ. ನೀವೂ ಸ್ವಲ್ಪ ಪ್ರಯತ್ನ ಮಾಡಬಾರದಾ?"

ಉತ್ತರ ಕೊಡಲು ಹೊರಟು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಅಷ್ಟರಲ್ಲಿ ಗಿರಾಕಿ ಬಂದರು, ಯಜಮಾನಿ ಅತ್ತ ಹೋದರು.

ಹೊಟ್ಟೆ ಉರಿಯಿತು ಕಣೇ. ದುಡ್ಡು ನೀನೇ ಇಟ್ಟುಕೋ. ಆದರೆ ಅವತ್ತು ಕ್ಲಾಸಿನವರೆಲ್ಲ ನಕ್ಕದ್ದು ನನ್ನನ್ನು ನೋಡಿ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಬದುಕಿದವಳು ನಾನು. ಅದನ್ನೂ ನೀನು ನಿನ್ನದೆಂದು ಹೇಳಿಕೊಂಡರೆ ನನ್ನದು ಅಂತ ಉಳಿಯುವುದೇನು? ಇದು ನನ್ನ ಅಕ್ಕನ ಕಥೆ ಎಂದು ಮುಂದಿನ ಸಭೆಯಲ್ಲಿ ಹೇಳು. ಅಷ್ಟು ಸಾಕು. ಹೇಳುತ್ತೀಯ ಎಂಬ ನಂಬಿಕೆ ನನಗಿಲ್ಲ. ಈ ಕಾಗದವನ್ನೂ ಕನ್ನಡಿ ಮುಂದೆ ಓದಿ ನೋಡುತ್ತೀಯೇನೋ ಎಂಬ ಅನುಮಾನ ಬರೆಯುವಾಗಲೇ ಕಾಡುತ್ತಿದೆ.

ಇಂತಿ,
ಆ ಉಗ್ಗಿನ ಅಸಲಿ ಒಡತಿ,
ನಿನ್ನ ಅಕ್ಕ

ತಾ.ಕ.: ಶನಿವಾರದ ನಿನ್ನ ಸಭೆಗೆ ಟಿಕೆಟ್ ತೆಗೆದುಕೊಂಡಿದ್ದೇನೆ. ಕೊನೆಯಲ್ಲಿ ಪ್ರಶ್ನೆ ಕೇಳುವವರ ಕೈಗೆ ಮೈಕ್ ಕೊಡುತ್ತಾರಂತೆ. ಏನು ಕೇಳಬೇಕೆಂದು ಇನ್ನೂ ಯೋಚಿಸಿಲ್ಲ. ಏನೇ ಕೇಳಿದರೂ ನನಗೆ ತುಂಬ ಹೊತ್ತು ಹಿಡಿಯುತ್ತದೆ. ಮೈಕ್ ಕಿತ್ತುಕೊಳ್ಳಬೇಡಿ ಎಂದು ಸಂಘಟಕರಿಗೆ ಈಗಲೇ ಹೇಳಿಡು.