ಮೂರು ವರ್ಷ ಹೆಣ ಹೋಗದ ದಾರಿ

ಮಾನ್ಯ ತಹಸೀಲ್ದಾರರೇ,

ನಮ್ಮೂರಿನ ಖಬರಸ್ತಾನದ ದಾರಿಗೆ ಬೇಲಿ ಹಾಕಿದ್ದು ಸರಿಯೆಂಬ ತಮ್ಮ ಹುಕುಂ ತಲುಪಿದೆ. ‘ಪಂಚಾಯಿತಿಯ ಬಹುಮತದ ನಿರ್ಣಯ, ಮಧ್ಯೆ ಪ್ರವೇಶಿಸಲು ಕಾರಣವಿಲ್ಲ’ ಎಂದಿದ್ದೀರಿ. ಪರವಾಗಿ ಹತ್ತು ಕೈ, ವಿರೋಧವಾಗಿ ನೂರುಲ್ಲಾನದೊಂದೇ. ಆ ಹತ್ತರಲ್ಲಿ ಒಂದು ನನ್ನದು. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದಲೆಂದು ಪತ್ರಿಕೆಗೂ ಕಳಿಸಿದ್ದೇನೆ.

ಕೊಡಿಗೇಹಳ್ಳಿಯಾಚೆಗಿನ ನಮ್ಮೂರಲ್ಲಿ ಮುಸಲ್ಮಾನರ ಮನೆ ನಾಲ್ಕೇ. ಆ ದಾರಿ ಮುಚ್ಚಿದರೆ ಅಕ್ಕಪಕ್ಕದ ರಾಗಿಗೆ ದನ ನುಗ್ಗುವುದು ತಪ್ಪುತ್ತಿತ್ತು. ಮೊದಲ ಹೊಲ ನನ್ನದು. ಸಭೆಯಲ್ಲಿ ನಾನೇ ಎದ್ದು, “ಮೂರ್ ವರ್ಸದಿಂದ ಆ ದಾರೀಲಿ ಒಂದ್ ಹೆಣ ಹೋಗಿಲ್ಲ” ಎಂದೆ. ಸುಳ್ಳಲ್ಲ. ಮೂರು ವರ್ಷದಿಂದ ಆ ನಾಲ್ಕು ಮನೆಗಳಲ್ಲಿ ಯಾರೂ ಸತ್ತಿರಲಿಲ್ಲ. ದಾರಿ ಉಳಿಸಿಕೊಳ್ಳಲು ಅವರು ವರ್ಷಕ್ಕೊಬ್ಬರಂತೆ ಸಾಯಬೇಕಿತ್ತೇ? ಯಾವ ಕಾನೂನಿನಲ್ಲಿ ಹಾಗಿದೆ, ದಯವಿಟ್ಟು ತಿಳಿಸಿ.

“ನಮ್ಮಮ್ಮಂಗೆ ವಯಸ್ಸಾಗದೆ ಕಣ್ರಣ್ಣ, ವಸಿ ಯೋಚ್ನೆ ಮಾಡಿ” ಎಂದ ನೂರುಲ್ಲಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಶ್ರಾವಣದಲ್ಲಿ ಅವನ ತಾಯಿ ಫರೀದಾ ತೀರಿಕೊಂಡರು. ಯಾವ ಜಾತಿಯ ಹೆಣ ಹೋದರೂ ದಾರಿಯಂಚಿನ ಹೊಲದವನು ನಾಲ್ಕು ಹೆಜ್ಜೆ ಹೆಗಲು ಕೊಡುವುದು ನಮ್ಮಲ್ಲಿ ರೂಢಿ. ಅಂದು ನಾನು ಕಳೆ ಕೀಳುತ್ತಿದ್ದೆ. ಹೆಣ ಹೊತ್ತವರು ಬೇಲಿಯವರೆಗೆ ಬಂದು, ನಿಂತು, ತಿರುಗಿ, ಕೆರೆಕೋಡಿಯ ಸೊಂಟಮಟ್ಟದ ನೀರಿಗಿಳಿದು ದಾಟಿದರು. ನಾನು ತಲೆಯೆತ್ತಲಿಲ್ಲ. “ಬೇಲಿ ಬಿಚ್ಚಕ್ಕೆ ಎಷ್ಟೊತ್ತು ಬೇಕಿತ್ತು?” ಎಂದಳು ನನ್ನ ಹೆಂಡತಿ ಗೌರಮ್ಮ.

ಮರುದಿನ ಬೇಲಿ ಕಿತ್ತೆ. ಪಂಚಾಯಿತಿಯವರು ಮತ್ತೆ ಹಾಕಿಸಿದರು. ನಿರ್ಣಯವಾದ ಮೇಲೆ ಒಬ್ಬನ ಮಾತು ನಡೆಯುವುದಿಲ್ಲವಂತೆ. ನಾಲ್ಕು ಮನೆಯವರಿಗೆ ಹೇಗಿರುತ್ತದೆಂದು ಆಗ ಸ್ವಲ್ಪ ತಿಳಿಯಿತು; ತಮಗೆ ಅರ್ಜಿ ಕೊಟ್ಟೆ. ಬಾವಿ ಎಲ್ಲಿ ತೋಡಬೇಕೆಂದು ಹತ್ತು ಕೈ ತೀರ್ಮಾನಿಸಲಿ, ಒಪ್ಪುತ್ತೇನೆ. ಇನ್ನೊಬ್ಬರ ತಾಯಿ ಮಣ್ಣಿಗೆ ಹೋಗುವ ದಾರಿಯನ್ನೂ ಎಣಿಸಿಯೇ ತೀರ್ಮಾನಿಸುವುದಾದರೆ, ತಮ್ಮಂಥ ಓದಿದವರು ಆ ಕುರ್ಚಿಯಲ್ಲಿ ಏಕಿರಬೇಕು? ಎಣಿಸಲು ನಮಗೂ ಬರುತ್ತದೆ.

ಹುಕುಂ ರದ್ದುಮಾಡಿ, ದಾರಿ ಬಿಡಿಸಿ. ಈ ವಾರವೇ ಬಿಡಿಸಿ. ಫರೀದಾರ ಗಂಡ ರಹಮತುಲ್ಲಾ ಸಾಬರು ಹಾಸಿಗೆ ಹಿಡಿದಿದ್ದಾರೆ. ತಪ್ಪಾಯಿತೆಂದು ಹೇಳಲು ಹೋದರೆ ನನ್ನ ಕೈ ಹಿಡಿದುಕೊಂಡು, “ಕೋಡಿ ನೀರು ಇನ್ನೂ ಇಳ್ದಿಲ್ಲ ಕಣಪ್ಪ ಅನುಮಯ್ಯ. ಹೊರೋ ಐಕ್ಳಿಗೆ ಕಷ್ಟ ಆಯ್ತದೆ. ಇಳಿಯೋಗಂಟ ತಡ್ಕಂಡಿರ್ತೀನಿ” ಎಂದರು.

ಇಂತಿ,
ತಮ್ಮ ಬಹುಮತದೊಳಗಿನವನೇ ಆದ
ಚಿಕ್ಕಹನುಮಯ್ಯ
ನವೆಂಬರ್ ೧೯೬೨